ಜೂನಿಯರ್ ಹಾಕಿ ತಂಡದ ಸ್ಕೇಟ್‌ಗಳಿಗೆ ಒಂದು ಸೀಸನ್ ಸಾಣೆ ಹಿಡಿದ ನನ್ನ ಅನುಭವ

ದಕ್ಷಿಣ ಒಂಟಾರಿಯೊದಲ್ಲಿ ನಾನು ಕೆಲಸ ಮಾಡುವ ಜೂನಿಯರ್ ಐಸ್ ಹಾಕಿ ತಂಡದಲ್ಲಿ, ಹದಿನಾರರ ಹುಡುಗನಿಂದ ಹಿಡಿದು ಇಪ್ಪತ್ತರ ಡಿಫೆನ್ಸ್ ಆಟಗಾರನವರೆಗೆ ಎಲ್ಲರ ಬ್ಲೇಡಿಗೂ 1/2 ಇಂಚು ತ್ರಿಜ್ಯದ ಹಾಲೋ, ಅಂದರೆ ಬ್ಲೇಡಿನ ತಳದಲ್ಲಿ ಎರಡು ಅಂಚುಗಳ ನಡುವೆ ಉದ್ದಕ್ಕೂ ಕೊರೆಯುವ ಕಮಾನಿನಂಥ ತಗ್ಗು, ಕೊಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಕಳೆದ ಸೀಸನ್‌ನಲ್ಲಿ ನಾನು ಅದನ್ನು ಕೈಬಿಟ್ಟು, ಆಟಗಾರನ ತೂಕವನ್ನೂ ಆಡಬೇಕಾದ ಅರೀನಾದ ಐಸ್‌ನ ಗಡಸುತನವನ್ನೂ ನೋಡಿ ಅಳತೆ ಬದಲಿಸಿದೆ. ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಇದು ನಡೆಯುವ ಮಾತಲ್ಲ, ಹುಡುಗರು ಜಾರಿ ಬೀಳುತ್ತಾರೆ ಎಂದರು. ಕೋಚ್ ಡಿಸೆಂಬರ್‌ವರೆಗೆ ಮಾತ್ರ ಅವಕಾಶ ಕೊಟ್ಟರು. ಮಾರ್ಚ್‌ನಲ್ಲಿ ಪ್ಲೇ-ಆಫ್ ಆಡುವಾಗ ತಂಡದ ಮುಕ್ಕಾಲು ಪಾಲು ಹುಡುಗರು ನನ್ನ ಅಳತೆಯಲ್ಲೇ ಇದ್ದರು.

ಮೊದಲು 3/4 ಇಂಚು ಪ್ರಯತ್ನಿಸಿದೆ. ಅಳತೆ ದೊಡ್ಡದಾದಷ್ಟೂ ತಗ್ಗಿನ ಆಳ ಕಡಿಮೆ; ಓಟ ಸರಾಗ, ಹಿಡಿತ ಕಡಿಮೆ. ಸೆಪ್ಟೆಂಬರಿನಲ್ಲಿ ಹೊರಗೆ ಇನ್ನೂ ಸೆಖೆಯಿದ್ದು ಹಳೆಯ ಅರೀನಾಗಳ ಐಸ್ ಮೆತ್ತಗಿರುವಾಗ ಅದು ಬಹಳ ಚೆನ್ನಾಗಿ ಓಡಿತು. ಆದರೆ ಚಳಿ ಬಲಿತು ಐಸ್ ಮೈನಸ್ ಆರು ಡಿಗ್ರಿಯ ಆಸುಪಾಸಿಗೆ ಗಟ್ಟಿಯಾದ ಕೂಡಲೇ, ಭಾರದ ಹುಡುಗರೂ ಬಿಗಿ ತಿರುವಿನಲ್ಲಿ ಹಿಡಿತ ತಪ್ಪತೊಡಗಿದರು. ಆಮೇಲೆ 80 ಕಿಲೋ ದಾಟಿದವರಿಗೆ 5/8, ಅದಕ್ಕಿಂತ ಹಗುರಾದವರಿಗೆ 1/2 ಎಂದು ನಿಲ್ಲಿಸಿದೆ. ಅದೂ ಪೂರ್ತಿ ಸಾಲಲಿಲ್ಲ, ಏಕೆಂದರೆ ಶುಕ್ರವಾರದ ಅರೀನಾದ ಐಸ್ ಶನಿವಾರದ ಅರೀನಾದಲ್ಲಿ ಇರುವುದಿಲ್ಲ. ಒಂದೇ ಬ್ಲೇಡನ್ನು ಈ ಅಳತೆಯಿಂದ ಆ ಅಳತೆಗೆ ತರಲು ಹೋದರೆ ಪ್ರತಿ ಸಲವೂ ಸಾಣೆಕಲ್ಲು ಲೋಹವನ್ನು ಹೆಚ್ಚು ತಿನ್ನುತ್ತದೆ, ಸೀಸನ್ ಮುಗಿಯುವ ಮೊದಲೇ ಸ್ಟೀಲ್ ಸವೆದು ಹೋಗುತ್ತದೆ.

ದುಡ್ಡಿನ ತೊಡಕು ಬಂದದ್ದು ಇಲ್ಲೇ. ಬೂಟಿನಡಿ ಬ್ಲೇಡನ್ನು ಹಿಡಿದಿಡುವ ಈಗಿನ ಹೋಲ್ಡರ್‌ಗಳಲ್ಲಿ ಟ್ರಿಗರ್ ಒತ್ತಿದರೆ ಬ್ಲೇಡ್ ಕಳಚಿ ಬರುವುದರಿಂದ, ಒಬ್ಬೊಬ್ಬರಿಗೆ ಎರಡು ಜೋಡಿ ಸ್ಟೀಲ್ ಇಟ್ಟು ಎರಡಕ್ಕೂ ಬೇರೆ ಬೇರೆ ಹಾಲೋ ಕೊಟ್ಟರೆ ಬೆಂಚಿನಲ್ಲೇ ಬದಲಾಯಿಸಬಹುದು. ಆದರೆ ಒಂದು ಜೋಡಿಗೆ ನೂರು ಡಾಲರಿನ ಮೇಲೆಯೇ ಬೀಳುತ್ತದೆ, ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗರಿದ್ದಾರೆ. ಕ್ಲಬ್ ಕೊಡಲು ಒಪ್ಪಲಿಲ್ಲ. ಎಂಟು ಜೋಡಿಗಳನ್ನು ನನ್ನ ಕೈಯಿಂದ ಕೊಂಡೆ, ಉಳಿದವನ್ನು ಪೋಷಕರು ಕೊಂಡರು. ಅಂಗಡಿಯಲ್ಲಿ ಒಂದು ಸಲದ ಸಾಣೆಗೆ ಹತ್ತು ಡಾಲರ್ ತೆರುತ್ತಿದ್ದ ಮನೆಗಳಿಗೆ, ವಾರಕ್ಕೆ ಎರಡು ಸಲ ಲೆಕ್ಕ ಹಾಕಿದರೂ, ಕ್ರಿಸ್‌ಮಸ್ ಕಳೆಯುವ ಹೊತ್ತಿಗೆ ಆ ಹಣ ಹುಟ್ಟಿತ್ತು. ಓಎಚ್‌ಎಲ್ (ಒಂಟಾರಿಯೊ ಹಾಕಿ ಲೀಗ್) ಎಂಬ ಮೇಜರ್ ಜೂನಿಯರ್ ಲೀಗ್‌ನ ತಂಡಗಳು ಸೀಸನ್‌ಗೆ 68 ಪಂದ್ಯ ಆಡುತ್ತವೆ, ಅವುಗಳ ಹಣದ ಚೀಲವೂ ದೊಡ್ಡದು. ನಮ್ಮದು ಅದರ ಕೆಳಗಿನ ಹಂತ, ಐವತ್ತು ಚಿಲ್ಲರೆ ಪಂದ್ಯ.

ಹಾಲೋ ಅಳತೆಯಷ್ಟೇ ಮುಖ್ಯವಾದದ್ದು ಎರಡು ಅಂಚುಗಳ ಸಮಮಟ್ಟ. ಆಟಗಾರರ ಬ್ಲೇಡಿನ ದಪ್ಪ ಹೆಚ್ಚುಕಡಿಮೆ ಮೂರು ಮಿಲಿಮೀಟರ್. ಅಷ್ಟು ಸಣ್ಣ ಅಗಲದಲ್ಲಿ ಒಂದು ಅಂಚು ಕೂದಲೆಳೆಯಷ್ಟು ಎತ್ತರವಾದರೂ ಹುಡುಗ ಒಂದು ಬದಿಗೆ ಮಾತ್ರ ಚೆನ್ನಾಗಿ ತಿರುಗುತ್ತಾನೆ. ಬೆಂಗಳೂರಿನ ಪೀಣ್ಯದ ಟೂಲ್ ರೂಮಿನಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿದ್ದ ಕೈ ನನ್ನದು, ಈ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ರತಿ ಮೂರು ಜೋಡಿಗೊಮ್ಮೆ ವಜ್ರದ ತುದಿಯಿಂದ ಸಾಣೆಕಲ್ಲನ್ನು ಡ್ರೆಸ್ ಮಾಡುತ್ತೇನೆ, ಅಂದರೆ ಅದರ ಮೈಯನ್ನು ಸವರಿ ಬೇಕಾದ ಹಾಲೋದ ಆಕಾರಕ್ಕೆ ತರುತ್ತೇನೆ. ಮೊದಲ ಪಾಸ್‌ಗಳಲ್ಲಿ ಸಾಧಾರಣ ಒತ್ತಡ, ಕೊನೆಯ ಎರಡರಲ್ಲಿ ಬ್ಲೇಡನ್ನು ಹಿಡಿದಿರುವ ಜಿಗ್‌ನ ಸ್ವಂತ ಭಾರವೊಂದೇ ಸಾಕು. ಕಿಡಿ ಬ್ಲೇಡಿನ ಮುಂತುದಿಯಿಂದ ಹಿಮ್ಮಡಿಯವರೆಗೆ ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಬರಬೇಕು. ನಡುವೆ ಕಿಡಿ ಸತ್ತರೆ ಅಲ್ಲಿ ಕಲ್ಲು ಮುಟ್ಟಿಲ್ಲವೆಂದೇ ಅರ್ಥ. ಆಮೇಲೆ ಅಂಚುಗಳ ಮೇಲೆ ಅಯಸ್ಕಾಂತದ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡಿ, ನಯವಾದ ಕಲ್ಲಿನಿಂದ ಬರ್, ಅಂದರೆ ಅಂಚಿನಲ್ಲಿ ಉಳಿದ ಲೋಹದ ಸಿಬಿರು, ತೆಗೆಯುತ್ತೇನೆ. ಇದಾದ ಮೇಲೆ ಅಂಚಿಗೆ ಸವರುವ ವಸ್ತು ಯಾವುದೆಂದು ಮಾತ್ರ ನಾನು ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಎರಡು ಚಳಿಗಾಲ ಹಿಡಿದಿದೆ.

ಪಂದ್ಯದ ದಿನ ಸಾಣೆ ಹಿಡಿಯುವುದನ್ನು ನಿಲ್ಲಿಸಿದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ವಿರೋಧ ಬಂತು. ಒಂದು ಪ್ರಾಕ್ಟೀಸ್ ಆಡಿಸಿದ ಅಂಚಿನ ಮೇಲೆ ಹುಡುಗನಿಗೆ ನಂಬಿಕೆ ಇರುತ್ತದೆ. ಹೊಸ ಅಂಚಿನಲ್ಲಿ ಮೊದಲ ಪೀರಿಯಡ್ ಪೂರ್ತಿ ಅದನ್ನು ಪರೀಕ್ಷಿಸುವುದರಲ್ಲೇ ಕಳೆಯುತ್ತದೆ. ಭಾರದ ಡಿಫೆನ್ಸ್ ಹುಡುಗರ ಕಾಲು ಮೂರನೆಯ ಪೀರಿಯಡ್‌ನಲ್ಲೂ ಸೋಲುತ್ತಿಲ್ಲ ಎಂದು ಫೆಬ್ರವರಿಯಲ್ಲಿ ಕೋಚ್ ತಾವಾಗಿಯೇ ಹೇಳಿದರು.

ನಡುವೆ ಬ್ಲೇಡಿನ ಉದ್ದದ ಬಾಗನ್ನೂ ಮುಟ್ಟಿ ನೋಡಿದೆ. ಇಬ್ಬರು ಡಿಫೆನ್ಸ್ ಆಟಗಾರರಿಗೆ ಆ ಬಾಗಿನ ತ್ರಿಜ್ಯವನ್ನು 9 ಅಡಿಯಿಂದ 11 ಅಡಿಗೆ ಏರಿಸಿ ಬ್ಲೇಡನ್ನು ಇನ್ನಷ್ಟು ಚಪ್ಪಟೆ ಮಾಡಿದಾಗ ನೇರ ಓಟ ಸುಧಾರಿಸಿತು, ಆದರೆ ಒಬ್ಬನು ಹಿಮ್ಮುಖವಾಗಿ ತಿರುಗುವುದು ನಿಧಾನವಾಯಿತೆಂದು ಹಳೆಯದನ್ನೇ ಕೇಳಿದ. ಇನ್ನೊಬ್ಬ ಅದರಲ್ಲೇ ಮುಂದುವರಿದಿದ್ದಾನೆ. ಗೋಲ್‌ಕೀಪರ್‌ಗಳ ಬ್ಲೇಡ್ ನಾಲ್ಕು ಮಿಲಿಮೀಟರ್ ದಪ್ಪವಿದ್ದು, ಅವರು ಮೊಣಕಾಲೂರಿ ಪಕ್ಕಕ್ಕೆ ತಳ್ಳಿಕೊಳ್ಳುವುದರಿಂದ ತೂಕದ ಈ ಲೆಕ್ಕ ಅವರಿಗೆ ಹೊಂದುವುದಿಲ್ಲ. ಅವರನ್ನು ಅವರು ಕೇಳಿದ ಅಳತೆಯಲ್ಲೇ ಬಿಟ್ಟಿದ್ದೇನೆ. ಬರುವ ಸೀಸನ್‌ನಿಂದ ಗೋಲ್‌ಕೀಪರ್‌ಗಳಿಬ್ಬರನ್ನು ಬಿಟ್ಟು ಉಳಿದ ಎಲ್ಲರ ಎರಡನೆಯ ಜೋಡಿ ಸ್ಟೀಲ್‌ಗೆ ಕ್ಲಬ್ಬೇ ಹಣ ಕೊಡಲು ಒಪ್ಪಿದೆ.