ಟಾರ್ಶನ್ ಬಾರ್ ಬೋಲ್ಟ್ ಬದಲಿಸಿದ್ದು: ಮಿಶಿಗನ್‌ನಲ್ಲಿ ನನ್ನ ಸಿಲ್ವರಾಡೊ ಜೊತೆ ಎರಡು ವಾರಾಂತ್ಯ

ನನ್ನ ಹತ್ತಿರ ಇರೋದು 2004ರ ಶೆವ್ರೊಲೆ ಸಿಲ್ವರಾಡೊ 1500, ಫೋರ್ ವೀಲ್ ಡ್ರೈವ್. ಇಲ್ಲಿ ಮಿಶಿಗನ್‌ನಲ್ಲಿ ಟ್ರಕ್ ಅಂದ್ರೆ ಲಾರಿ ಅಲ್ಲ, ಪಿಕಪ್. ಹೋದ ಚಳಿಗಾಲ ಮುಗಿಯುವ ಹೊತ್ತಿಗೆ ಅದರ ಮುಂಭಾಗದಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು. ಗುಂಡಿಗೆ ಇಳಿದಾಗ ಒಂದು ಸದ್ದು, ಮೇಲೆ ಬಂದಾಗ ಇನ್ನೊಂದು. ಬಲಗಡೆ ಟೈರಿನ ಒಳ ಅಂಚು ನುಣ್ಣಗೆ ಸವೆದಿತ್ತು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಬ್‌ನ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನೋಡಿದರೆ ಬಲಗಡೆ ಎಡಕ್ಕಿಂತ 20 ಎಂಎಂ ಕೆಳಗೆ ಕೂತಿತ್ತು.

ಕೆಲಸದ ಕಥೆಗೆ ಮೊದಲು ಟಾರ್ಶನ್ ಬಾರ್ ಅಂದ್ರೇನು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಇದು ಅರ್ಥವಾಗದೆ ಆ ಬೋಲ್ಟಿಗೆ ಸ್ಪ್ಯಾನರ್ ಹಾಕಬಾರದು. ಊರಲ್ಲಿ ಕ್ವಾಲಿಸ್, ಟವೇರಾ ಓಡಿಸಿದವರಿಗೆ ಇದು ಗೊತ್ತಿರುತ್ತದೆ, ಅವುಗಳ ಮುಂದಿನ ಸಸ್ಪೆನ್ಶನ್‌ನಲ್ಲೂ ಇದೇ ಇದೆ. ಸುರುಳಿ ಸ್ಪ್ರಿಂಗ್ ಬದಲು ಉದ್ದನೆಯ ಒಂದು ಉಕ್ಕಿನ ಸರಳು. ಮುಂದಿನ ತುದಿ ಲೋವರ್ ಆರ್ಮ್, ಅಂದ್ರೆ ಚಕ್ರವನ್ನು ಛಾಸಿಗೆ ಹಿಡಿದಿರುವ ಎರಡು ತೋಳುಗಳಲ್ಲಿ ಕೆಳಗಿನದು, ಅದರೊಳಗೆ ಕೂತಿರುತ್ತದೆ. ಹಿಂದಿನ ತುದಿ ಛಾಸಿಗೆ ಅಡ್ಡ ಇರುವ ಕ್ರಾಸ್ ಮೆಂಬರ್‌ನಲ್ಲಿ 'ಕೀ' ಅನ್ನುವ ಗಿಡ್ಡ ತೋಳಿನೊಳಗೆ. ಚಕ್ರ ಮೇಲೆ ಹೋದಾಗ ಸರಳು ತಿರುಚಿಕೊಳ್ಳುತ್ತದೆ, ಒದ್ದೆ ಪಂಚೆ ಹಿಂಡಿದ ಹಾಗೆ. ಆ ತಿರುಚುವಿಕೆಯೇ ಸ್ಪ್ರಿಂಗ್. ಕೀ ತೋಳನ್ನು ಕೆಳಗಿನಿಂದ ಎತ್ತಿ ಹಿಡಿದಿರುವುದು ಒಂದೇ ಒಂದು ಬೋಲ್ಟ್, ಅದು ಒಂದು ಸಣ್ಣ ನಟ್ ಬ್ಲಾಕ್ ಮೂಲಕ ಮೇಲಕ್ಕೆ ಬಂದು ಕೀಗೆ ಒತ್ತು ಕೊಡುತ್ತದೆ. ಬೋಲ್ಟ್ ಬಿಗಿ ಮಾಡಿದರೆ ಆ ಮೂಲೆ ಮೇಲೇಳುತ್ತದೆ, ಸಡಿಲ ಮಾಡಿದರೆ ಕೆಳಗಿಳಿಯುತ್ತದೆ. ಅಂದ್ರೆ ಗಾಡಿಯ ಆ ಮೂಲೆಯ ಭಾರವೆಲ್ಲ ಸುತ್ತಿ ಬಳಸಿ ಬಂದು ಕೊನೆಗೆ ಈ ಬೋಲ್ಟ್ ಮೇಲೆ ಕೂತಿರುತ್ತದೆ.

ಇನ್ನು ಈ ಕಡೆಯ ಉಪ್ಪು. ಹಿಮ ಬಿದ್ದಾಗ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ಊರಿನ ಕೆಳಗೇ, 300 ಮೀಟರಿಗೂ ಜಾಸ್ತಿ ಆಳದಲ್ಲಿ ಉಪ್ಪಿನ ಗಣಿ ಇದೆ. ಆ ಉಪ್ಪುನೀರು ಛಾಸಿಯ ಅಡಿಗೆ ಹಾರಿ, ಬೋಲ್ಟಿನ ಥ್ರೆಡ್ ಒಳಗೆ ಇಳಿದು, ಇಪ್ಪತ್ತು ವರ್ಷ ಕೂತರೆ ಏನಾಗುತ್ತೆ ಅಂತ ನಾನು ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟಾಗ ಗೊತ್ತಾಯಿತು. ಎಡಗಡೆ ಬೋಲ್ಟ್ ಪರವಾಗಿಲ್ಲ ಅನ್ನುವ ಹಾಗಿತ್ತು. ಬಲಗಡೆಯದು ಮಾತ್ರ ಪದರ ಪದರವಾಗಿ ಎದ್ದಿತ್ತು, ಉಗುರಲ್ಲಿ ಕೆರೆದರೆ ಕಂದು ಚಕ್ಕೆ ಮುಖದ ಮೇಲೆ ಉದುರುತ್ತಿತ್ತು. ತಲೆಯ ಆರು ಮೂಲೆಗಳಲ್ಲಿ ಎರಡು ದುಂಡಗಾಗಿದ್ದವು.

ಇನ್ನು ಬಾಲ್ ಜಾಯಿಂಟ್, ಅಂದ್ರೆ ಆರ್ಮ್‌ನ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡನೆಯ ಕೀಲು, ಅದರ ಪರೀಕ್ಷೆ ಬಗ್ಗೆ ಒಂದು ಮಾತು. ಜಾಕಿಯನ್ನು ಛಾಸಿಗೆ ಕೊಟ್ಟು ಚಕ್ರ ಅಲ್ಲಾಡಿಸಿದರೆ ಲೋವರ್ ಜಾಯಿಂಟ್ ಸವೆದಿದ್ದರೂ ಗೊತ್ತಾಗುವುದಿಲ್ಲ, ಟಾರ್ಶನ್ ಬಾರ್ ಅದನ್ನು ಎಳೆದು ಬಿಗಿ ಹಿಡಿದಿರುತ್ತದೆ. ಜಾಕಿಯನ್ನು ಲೋವರ್ ಆರ್ಮ್ ಅಡಿಗೆ, ಆದಷ್ಟು ಚಕ್ರದ ಹತ್ತಿರ ಕೊಡಬೇಕು. ಆಮೇಲೆ ಟೈರಿನ ಅಡಿಗೆ ಹಾರೆ ಕೊಟ್ಟು ಮೆಲ್ಲಗೆ ಮೀಟಬೇಕು. ನನ್ನದು ಬಲಗಡೆ ಕಣ್ಣಿಗೆ ಕಾಣುವಷ್ಟು ಎದ್ದು ಇಳಿಯಿತು. ಅಪ್ಪರ್ ಆರ್ಮ್, ಅಂದ್ರೆ ಮೇಲಿನ ತೋಳು ಛಾಸಿಗೆ ಕೂರುವ ಕಡೆ ಇರುವ ರಬ್ಬರ್ ಬುಷ್‌ಗಳೂ ಬಿರುಕು ಬಿಟ್ಟಿದ್ದವು. ಹಾಗಾಗಿ ಎರಡೂ ಕಡೆಗೆ ಜಾಯಿಂಟ್ ಸಮೇತ ಹೊಸ ಅಪ್ಪರ್ ಆರ್ಮ್, ಲೋವರ್ ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಲಿಂಕ್, ಶಾಕ್, ಜೊತೆಗೆ ಹೊಸ ಟಾರ್ಶನ್ ಬೋಲ್ಟ್ ಮತ್ತು ನಟ್ ಬ್ಲಾಕ್ ತರಿಸಿದೆ. ಬೋಲ್ಟ್ ಮಾತ್ರ ತಗೊಂಡು ಹಳೆ ಬ್ಲಾಕ್‌ಗೇ ಹಾಕುವ ಉಳಿತಾಯ ಮಾಡಬೇಡಿ. ಹಳೆ ಬ್ಲಾಕ್‌ನ ಥ್ರೆಡ್ ಹೊಸ ಬೋಲ್ಟನ್ನೂ ತಿಂದುಹಾಕುತ್ತದೆ.

ಮೊದಲ ಶನಿವಾರ ಪಕ್ಕದ ಬೀದಿಯ ಹಾಸನದ ಗೆಳೆಯನೊಬ್ಬ ಜೊತೆಗಿದ್ದ. ಛಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರ ಬಿಚ್ಚಿ, ಆರ್ಮ್‌ಗಳು ಪೂರ್ತಿ ಜೋತು ಬೀಳುವ ಹಾಗೆ ಬಿಟ್ಟೆವು. ಹೀಗೆ ಜೋತುಬಿದ್ದಾಗ ಸರಳಿನ ತಿರುಚು ಕಡಿಮೆ ಇರುತ್ತದೆ, ಆದರೆ ಪೂರ್ತಿ ಹೋಗಿರುವುದಿಲ್ಲ. ಬ್ಲಾಕ್‌ನಿಂದ ಕೆಳಗೆ ಎಷ್ಟು ಬೋಲ್ಟ್ ಕಾಣುತ್ತದೆ ಅಂತ ಎರಡೂ ಕಡೆ ಅಳೆದು ಬರೆದುಕೊಂಡೆ: ಎಡಕ್ಕೆ 36 ಎಂಎಂ, ಬಲಕ್ಕೆ 31. ಸರಳುಗಳ ಮೇಲೆ ಬಣ್ಣದ ಪೆನ್ನಿನಿಂದ ಎಡ, ಬಲ ಅಂತ ಗುರುತು ಹಾಕಿದೆ. ಅವನ್ನು ಅದಲು ಬದಲು ಮಾಡಬಾರದು, ಒಂದೊಂದೂ ಒಂದೇ ದಿಕ್ಕಿಗೆ ತಿರುಚಿಕೊಳ್ಳುವ ಹಾಗೆ ಕಾರ್ಖಾನೆಯಲ್ಲೇ ಪಳಗಿಸಿರುತ್ತಾರೆ.

ಭಾರ ಇಳಿಸಲು ಒಂದು ಟೂಲ್ ಬೇಕು. ಇಂಗ್ಲಿಷಿನ ಸಿ ಅಕ್ಷರದ ಆಕಾರದ ದಪ್ಪ ಕಬ್ಬಿಣ, ಕ್ರಾಸ್ ಮೆಂಬರ್ ಮೇಲೆ ಹಿಡಿದು ಕೂರುತ್ತದೆ, ಕೆಳಗಿನ ಸ್ಕ್ರೂ ಕೀಯಲ್ಲಿರುವ ಕುಳಿಗೆ ಕೂತು ಅದನ್ನು ಮೇಲಕ್ಕೆ ತಳ್ಳುತ್ತದೆ. ಇಲ್ಲಿ ಬಿಡಿಭಾಗದ ಅಂಗಡಿಗಳಲ್ಲಿ ಠೇವಣಿ ಇಟ್ಟರೆ ಇಂಥ ಟೂಲ್ ಎರವಲು ಕೊಡುತ್ತಾರೆ. ಸ್ಕ್ರೂಗೆ ಚೆನ್ನಾಗಿ ಗ್ರೀಸ್ ಮೆತ್ತಿ, ಅದು ಕುಳಿಯ ನಡುವೆ ಸರಿಯಾಗಿ ಕೂತಿದೆಯಾ ಅಂತ ಎರಡು ಸಲ ನೋಡಿ. ಮುಖ, ಎದೆ ಯಾವುದೂ ಅದರ ನೇರಕ್ಕೆ ಇರಬಾರದು, ಪಕ್ಕಕ್ಕೆ ಮಲಗಿ. ಎಡಗಡೆ ಹೀಗೆ ಮಾಡಿದೆವು. ಕೀ ಕೂದಲೆಳೆಯಷ್ಟು ಮೇಲೆದ್ದ ಕೂಡಲೇ 18 ಎಂಎಂ ಸಾಕೆಟ್‌ಗೆ ಬೋಲ್ಟ್ ತಿರುಗಿತು, ಪೂರ್ತಿ ಬಿಚ್ಚಿದೆ, ಬ್ಲಾಕ್ ಕೈಗೆ ಬಂತು. ಆಮೇಲೆ ಟೂಲನ್ನು ನಿಧಾನವಾಗಿ ಸಡಿಲ ಮಾಡಿದರೆ ಸರಳು ಸತ್ತ ಹಾವಿನ ಹಾಗೆ ಸುಮ್ನೆ ಬಿದ್ದಿತ್ತು.

ಬಲಗಡೆಗೆ ಬಂದಾಗ ತಪ್ಪು ಮಾಡಿದೆ. ಸಂಜೆಯಾಗುತ್ತಿತ್ತು. ಬೋಲ್ಟ್ ಸ್ವಲ್ಪ ಅಲ್ಲಾಡುತ್ತಾ ನೋಡೋಣ ಅಂತ, ಟೂಲ್ ಹಾಕುವ ಮೊದಲೇ, ಭಾರ ಇರುವಾಗಲೇ ಇಂಪ್ಯಾಕ್ಟ್ ಗನ್, ಅಂದ್ರೆ ಬಡಿದು ಬಡಿದು ಬೋಲ್ಟ್ ತಿರುಗಿಸುವ ಯಂತ್ರ ಹಿಡಿದೆ. ಎರಡು ಸೆಕೆಂಡು. ಪಟ್ ಅಂತ ಸದ್ದಾಯಿತು, ಬೋಲ್ಟಿನ ತಲೆ ಸಾಕೆಟ್ ಒಳಗೇ ಉಳಿಯಿತು. ಎದೆ ಝಲ್ ಅಂತು. ಪುಣ್ಯಕ್ಕೆ ಮುರಿದಿದ್ದು ತಲೆಯ ಬುಡದಲ್ಲಿ, ಉಳಿದ ದೇಹ ಬ್ಲಾಕ್‌ನಲ್ಲೇ ಕಚ್ಚಿಕೊಂಡು ಕೀಯನ್ನು ಹಿಡಿದಿತ್ತು. ಗೆಳೆಯ, "ಇವತ್ತು ಸಾಕು ಮಾರಾಯ, ಮುಟ್ಟಬೇಡ," ಅಂದ. ಅವನ ಮಾತು ಕೇಳಿದೆ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ತಿಪಟೂರಿನಿಂದ ಕೊಬ್ಬರಿ ಲೋಡ್ ಹೊಡೆಯುತ್ತಿದ್ದವರು, ಲಾರಿಯ ಸ್ಪ್ರಿಂಗ್ ಪ್ಲೇಟ್ ಕಟ್ಟಾದಾಗ ರಸ್ತೆ ಬದಿಯಲ್ಲೇ ಬಿಚ್ಚಿ ಜೋಡಿಸಿದವರು. ಟಾರ್ಶನ್ ಬಾರ್ ಅವರ ಕೈಗೆ ಬಂದಿದ್ದಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಭಾರ ಇಳಿಸಿದ್ಯೇನೋ?" ಇಲ್ಲ ಅಂದೆ. "ಮತ್ತೆ ಬೋಲ್ಟಿನ ತಪ್ಪೇನಿದೆ ಮಗ? ಮೊದ್ಲು ಭಾರ ಇಳ್ಸು, ಆಮೇಲೆ ಅದ್ರ ಜೊತೆ ಮಾತಾಡು."

ಭಾನುವಾರ ಬೆಳಿಗ್ಗೆ ಹಾಗೇ ಮಾಡಿದೆ. ಟೂಲ್ ಕೂರಿಸಿ ಕೀಯನ್ನು ಮೇಲೆತ್ತಿದೆ. ಈಗ ಬೋಲ್ಟಿನ ಮೇಲೆ ಒಂದು ಚೂರೂ ಒತ್ತಡ ಇಲ್ಲ. ಕೆಳಗೆ ಇಣುಕುತ್ತಿದ್ದ ತುಂಡನ್ನು ವೈರ್ ಬ್ರಷ್‌ನಿಂದ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಅರ್ಧ ಗಂಟೆ ಬಿಟ್ಟು ಮತ್ತೆ ಹೊಡೆದೆ. ವೈಸ್ ಗ್ರಿಪ್ (ಕಚ್ಚಿ ಹಿಡಿದುಕೊಳ್ಳುವ ಇಕ್ಕಳ) ಕಚ್ಚಿಸಿ ಕಾಲು ಸುತ್ತು ಬಿಚ್ಚುವ ಕಡೆ, ಒಂಚೂರು ವಾಪಸ್, ಮತ್ತೆ ಕಾಲು ಸುತ್ತು. ಒಂದೇ ದಿಕ್ಕಿಗೆ ಎಳೆದರೆ ಮೇಲಿನ ತುಕ್ಕುಹಿಡಿದ ಥ್ರೆಡ್ ಬ್ಲಾಕ್‌ನೊಳಗೆ ಸಿಕ್ಕಿ ಜಾಮ್ ಆಗುತ್ತದೆ. ಒಂದೂವರೆ ಗಂಟೆ ಹಿಡಿಯಿತು, ಬಂತು. ಗ್ಯಾಸ್ ಬೆಂಕಿ ಹಿಡಿದರೆ ಬೇಗ ಆಗುತ್ತೆ ಅಂತ ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಟಾರ್ಶನ್ ಬಾರ್ ಹದ ಹಾಕಿದ ಉಕ್ಕು, ಬಿಸಿ ತಾಗಿದರೆ ಹದ ಹೋಗುತ್ತದೆ. ಸುತ್ತಿಗೆಯಿಂದ, ಪೈಪ್ ರೆಂಚ್‌ನಿಂದ ಅದರ ಮೈಮೇಲೆ ಗಾಯ ಮಾಡಿದರೂ ಅಷ್ಟೇ, ಬಿರುಕು ಶುರುವಾಗುವುದೇ ಅಂಥ ಗಾಯದಿಂದ. ಕೀಯೊಳಗೆ ಕಚ್ಚಿಕೊಂಡಿದ್ದ ಸರಳನ್ನು ಬಿಡಿಸಲು ಕೀಯ ಹಿಂದಿರುವ ತೂತಿನಿಂದ ಪಂಚ್ ಕೊಟ್ಟು ಮುಂದಕ್ಕೆ ಹೊಡೆದೆ, ಹೊಡೆತ ಬಿದ್ದಿದ್ದು ತುದಿಗೆ ಮಾತ್ರ.

ಮುಂದಿನ ವಾರ ಉಳಿದದ್ದು. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ನೇತುಹಾಕಿ, ಬ್ರೇಕ್ ಹೋಸ್ ಮೇಲೆ ಜೋತುಬಿಡಬೇಡಿ. ಹಬ್‌ನ ಎಬಿಎಸ್ ವೈರ್ ಬಿಚ್ಚಿಯೇ ಮುಂದಕ್ಕೆ ಹೋಗಿ. ಲೋವರ್ ಬಾಲ್ ಜಾಯಿಂಟನ್ನು ಒತ್ತಿ ಕೂರಿಸಿರುತ್ತಾರೆ, ಪ್ರೆಸ್ ಟೂಲ್ ಬೇಕೇ ಬೇಕು. ಇದಕ್ಕೂ ಮೊದಲು ಸರಳಿನ ಭಾರ ಇಳಿಸಿದ್ದರ ಬೆಲೆ ಇಲ್ಲಿ ಗೊತ್ತಾಗುತ್ತದೆ. ಜಾಯಿಂಟ್ ಬಿಟ್ಟ ಕೂಡಲೇ ಲೋವರ್ ಆರ್ಮ್ ಕೆಳಗೆ ಬಡಿಯಲಿಲ್ಲ, ಕೈಯಲ್ಲೇ ಎತ್ತಿ ಇಳಿಸಬಹುದಾಗಿತ್ತು. ಅಪ್ಪರ್ ಆರ್ಮ್ ಬಿಚ್ಚುವ ಮೊದಲು ಅದರ ಕ್ಯಾಮ್ ಬೋಲ್ಟ್‌ಗಳು ಯಾವ ಕೋನದಲ್ಲಿವೆ ಅಂತ ಉಳಿಯಿಂದ ಗೀಟು ಹಾಕಿಕೊಂಡೆ, ಫೋಟೋನೂ ತೆಗೆದೆ. ಚಕ್ರ ಒಳಕ್ಕೆ ಹೊರಕ್ಕೆ ವಾಲುವುದು ಅದರಿಂದಲೇ ನಿರ್ಧಾರ ಆಗುತ್ತದೆ.

ಒಂದು ವಿಷಯವನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಅಪ್ಪರ್ ಆರ್ಮ್‌ನ ಬೋಲ್ಟ್‌ಗಳನ್ನು ಆರ್ಮ್ ಜೋತುಬಿದ್ದಾಗ ಪೂರ್ತಿ ಬಿಗಿ ಮಾಡಬಾರದು. ಬುಷ್‌ನ ರಬ್ಬರ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ, ಗಾಡಿ ಕೆಳಗಿಳಿದ ಕೂಡಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ನಾನು ಅವನ್ನು ಸುಮ್ನೆ ಹಿಡಿಯುವಷ್ಟು ಬಿಗಿ ಮಾಡಿ, ಕೊನೆಗೆ ಗಾಡಿಯ ಭಾರ ಚಕ್ರಗಳ ಮೇಲೆ ಬಂದ ಮೇಲೆ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಹಾಕಿದೆ. ಚಕ್ರದ ನಟ್‌ಗಳಿಗೆ 190 ನ್ಯೂಟನ್ ಮೀಟರ್. ಮಿಕ್ಕಿದ್ದನ್ನೆಲ್ಲ ನಿಮ್ಮ ವರ್ಷದ, ನಿಮ್ಮ ಮಾಡೆಲಿನ ಮ್ಯಾನುಯಲ್ ನೋಡಿಯೇ ಹಾಕಿ, 1500ಕ್ಕೂ ಅದಕ್ಕಿಂತ ಹೆಚ್ಚು ಭಾರ ಹೊರುವ 2500ಕ್ಕೂ ವ್ಯತ್ಯಾಸ ಇದೆ.

ಹೊಸ ಟಾರ್ಶನ್ ಬೋಲ್ಟ್‌ಗಳ ಥ್ರೆಡ್‌ಗೆ ಪೂರ್ತಿ, ತುದಿಗೂ ಸೇರಿಸಿ, ಆಂಟಿ ಸೀಜ್, ಅಂದ್ರೆ ತುಕ್ಕು ಹಿಡಿದು ಕಚ್ಚಿಕೊಳ್ಳದ ಹಾಗೆ ಮಾಡುವ ಲೇಪ ಹಚ್ಚಿದೆ. ಸರಳಿನ ಎರಡೂ ತುದಿಗೆ ಗ್ರೀಸ್. ಮತ್ತೆ ಟೂಲ್‌ನಿಂದ ಕೀ ಎತ್ತಿ, ಬ್ಲಾಕ್ ಕೂರಿಸಿ, ಬರೆದಿಟ್ಟ ಅಳತೆಗೆ ಬೋಲ್ಟ್ ತಿರುಗಿಸಿ, ಟೂಲ್ ತೆಗೆದೆ. ಗಾಡಿ ಕೆಳಗಿಳಿಸಿ, ಬಂಪರ್ ಹಿಡಿದು ನಾಲ್ಕು ಸಲ ಕುಲುಕಿ, ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದು ಅಳೆದೆ. ಬಲಗಡೆ ಇನ್ನೂ 12 ಎಂಎಂ ಕೆಳಗಿತ್ತು. ಪ್ರತಿ ಸಲ ಚಕ್ರ ಗಾಳಿಯಲ್ಲಿ ಬರುವ ಹಾಗೆ ಜಾಕಿ ಕೊಟ್ಟು, ಒಂದೊಂದೇ ಸುತ್ತು ಬಿಗಿ ಮಾಡುತ್ತ, ಇಳಿಸಿ ಅಳೆಯುತ್ತ ಹೋದೆ. ಮೂರನೇ ಸಲಕ್ಕೆ ಎಡ ಬಲ ಮೂರು ಎಂಎಂ ಒಳಗೆ ಬಂದವು. ಎತ್ತರ ಸರಿಯಾದ ಮೇಲೆಯೇ ವೀಲ್ ಅಲೈನ್‌ಮೆಂಟ್‌ಗೆ ಕೊಂಡೊಯ್ದೆ. ಮೊದಲೇ ಮಾಡಿಸಿದ್ದರೆ ಆ ದುಡ್ಡು ದಂಡ, ಎತ್ತರ ಬದಲಾದರೆ ಅಲೈನ್‌ಮೆಂಟೂ ಬದಲಾಗುತ್ತದೆ.

ಈಗ 1,100 ಮೈಲಿ ಓಡಿದೆ. ಸದ್ದಿಲ್ಲ. ಮೊನ್ನೆ ಮತ್ತೆ ಅಳೆದೆ, ಬಲಗಡೆ ಎರಡು ಎಂಎಂ ಇಳಿದಿದೆ. 18 ಎಂಎಂ ಸಾಕೆಟ್ ಹಾಕಿದರೆ ಬೋಲ್ಟ್ ಬೆಣ್ಣೆಯ ಹಾಗೆ ತಿರುಗಿತು, ಅರ್ಧ ಸುತ್ತು ಕೊಟ್ಟೆ. ಹಿಮ ಬೀಳುವ ಮುಂಚೆ ಮತ್ತೊಂದು ಸಲ ಆಂಟಿ ಸೀಜ್ ಹಚ್ಚಬೇಕು. ತಲೆ ಮುರಿದ ಹಳೆ ಬೋಲ್ಟನ್ನು ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ತಗೊಂಡು ಹೋಗ್ತೀನಿ, ಅಪ್ಪ ನೋಡಬೇಕು ಅಂದಿದ್ದಾರೆ.