ಉಳ್ಳಾಗಡ್ಡಿ ಬೇರಿನ ತುದಿಯಲ್ಲಿ ಆರ್‌ಎನ್‌ಎ ನೋಡುವ ವಿಧಾನ

ಕೋಶದ ಡಿಎನ್‌ಎಗೆ ಹಸಿರು ಹಚ್ಚುವ ಮಿಥೈಲ್ ಗ್ರೀನ್ ಮತ್ತು ಆರ್‌ಎನ್‌ಎಗೆ ಗುಲಾಬಿ ಹಚ್ಚುವ ಪೈರೋನಿನ್, ಈ ಬಣ್ಣಗಳ ಜೋಡಿ ಹಳೆಯದು. ಪಾಪೆನ್‌ಹೈಮ್ 1899ರಲ್ಲೇ ಬಳಸಿದ್ದರು. ಗುಲಾಬಿ ಕಾಣುವುದು ಆರ್‌ಎನ್‌ಎ ಎಂದು ಖಾತ್ರಿಯಾದದ್ದು 1940ರ ಸುಮಾರಿಗೆ, ಬೆಲ್ಜಿಯಂನ ಜಾನ್ ಬ್ರಾಶೆ ಇನ್ನೊಂದು ಸ್ಲೈಡಿಗೆ ಆರ್‌ಎನ್‌ಎಯನ್ನಷ್ಟೇ ಒಡೆಯುವ ರೈಬೋನ್ಯೂಕ್ಲಿಯೇಸ್ ಎಂಝೈಮ್ ಹಾಕಿ ಆ ಗುಲಾಬಿಯನ್ನು ಅಳಿಸಿದಾಗ. ಧಾರವಾಡ, ಗದಗ, ಹಾವೇರಿಯ ಬಿ.ಎಸ್ಸಿ. ಲ್ಯಾಬುಗಳಲ್ಲಿ ಈ ಪ್ರಯೋಗ ಮಾಡಲು ದೊಡ್ಡ ಉಪಕರಣ ಬೇಕಿಲ್ಲ. ಆದರೆ ಎಂಝೈಮಿನ ಸ್ಲೈಡನ್ನು ಬಿಟ್ಟರೆ ಉಳಿಯುವುದು ಚಂದದ ಬಣ್ಣ ಮಾತ್ರ.

ಪೇಟೆಯಿಂದ ಒಣಗಿದ, ಗಟ್ಟಿಯಾದ ಗಡ್ಡಿ ತನ್ನಿರಿ. ಆಗಷ್ಟೇ ಕಿತ್ತದ್ದು ಬೇರು ಬಿಡಲು ತಡಮಾಡುತ್ತದೆ, ನೀರಿನಲ್ಲಿ ಬೇಗ ಕೊಳೆಯುತ್ತದೆ. ಒಣಬೇರು ಕೆರೆದು, ಬುಡವಷ್ಟೇ ನೀರಿಗೆ ತಾಗುವಂತೆ ಗ್ಲಾಸಿನ ಬಾಯಿಗೆ ಇಡಿ. ನೀರು ದಿನಾ ಬದಲಿಸಿ. ಬೇರು 1–2 ಸೆಂ.ಮೀ. ಆದಾಗ ಕತ್ತರಿಸಿ, 3 ಪಾಲು ಆಲ್ಕೋಹಾಲ್, 1 ಪಾಲು ಗ್ಲೇಶಿಯಲ್ ಅಸೆಟಿಕ್ ಆಮ್ಲದ ಮಿಶ್ರಣದಲ್ಲಿ ನಾಲ್ಕು ತಾಸು ಇಡಿ. ಈ ಮಿಶ್ರಣವನ್ನು ಬಳಸುವ ಹೊತ್ತಿಗೇ ಕಲಸಬೇಕು. ಆಮೇಲೆ 70% ಆಲ್ಕೋಹಾಲಿನಲ್ಲಿ, ಫ್ರಿಜ್‌ನಲ್ಲಿ ಇಡಬಹುದು.

ಹೆಚ್ಚು ಜನ ಎಡವುವುದು ಮುಂದಿನ ಹಂತದಲ್ಲಿ. ಮೈಟಾಸಿಸ್ (ಕೋಶ ವಿಭಜನೆ) ಪ್ರಾಕ್ಟಿಕಲ್‌ನ ರೂಢಿಯಂತೆ ಬೇರನ್ನು 60 ಡಿಗ್ರಿಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗೆ ಮಾಡಬೇಡಿ. ಬಿಸಿ ಆಮ್ಲ ಆರ್‌ಎನ್‌ಎಯನ್ನು ಒಡೆದು ಹೊರಗೆಳೆಯುತ್ತದೆ, ಡಿಎನ್‌ಎಯ ಪ್ಯೂರಿನ್‌ಗಳನ್ನೂ ಕಳಚುತ್ತದೆ. ಬಣ್ಣ ಹಿಡಿಯಲು ಏನೂ ಉಳಿಯದು. 45% ಅಸೆಟಿಕ್ ಆಮ್ಲದಲ್ಲಿ ಹತ್ತು ನಿಮಿಷ ಸಾಕು. ತುದಿಯ 2 ಮಿ.ಮೀ. ಮಾತ್ರ ಉಳಿಸಿಕೊಂಡು, ಮೊಟ್ಟೆಯ ಬಿಳಿ ಸವರಿದ ಸ್ಲೈಡಿನ ಮೇಲೆ ಕವರ್‌ಸ್ಲಿಪ್ ಇಟ್ಟು, ಬ್ಲಾಟಿಂಗ್ ಪೇಪರಿನಡಿ ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಸ್ಲೈಡನ್ನು 70% ಆಲ್ಕೋಹಾಲಿನಲ್ಲಿ ಬೋರಲು ಇಟ್ಟರೆ ಕವರ್‌ಸ್ಲಿಪ್ ತಾನೇ ಬಿಡುತ್ತದೆ. ನಂತರ 50%, 30%, ಡಿಸ್ಟಿಲ್ಡ್ ವಾಟರ್. ಗದಗಿನ ಕಡೆಯ ಬೋರ್‌ವೆಲ್ ನೀರು ಇಲ್ಲಿ ಬೇಡವೇ ಬೇಡ. ಅದರ ಲವಣಗಳು ಬಣ್ಣದೊಂದಿಗೆ ಪೈಪೋಟಿಗೆ ಇಳಿಯುತ್ತವೆ.

ಇಂಥ ಸ್ಲೈಡು ಮೂರು ಬೇಕು. ಒಂದನ್ನು ನೇರ ಬಣ್ಣಕ್ಕೆ ಇಡಿ. ಎರಡನೆಯದನ್ನು ಮಿ.ಲೀ.ಗೆ 1 ಮಿ.ಗ್ರಾಂ ರೈಬೋನ್ಯೂಕ್ಲಿಯೇಸ್ ಇರುವ, ಪಿಎಚ್ 7ರ ಸಮೀಪದ ಬಫರಿನಲ್ಲಿ 37 ಡಿಗ್ರಿಗೆ ಒಂದು ತಾಸು ಇಡಿ. ಮೂರನೆಯದಕ್ಕೆ ಅದೇ ಬಫರು, ಅಷ್ಟೇ ಹೊತ್ತು, ಎಂಝೈಮ್ ಇಲ್ಲದೆ. ಬರೀ ಬಫರಿನಲ್ಲೇ ಗುಲಾಬಿ ಇಳಿದರೆ ಎಂಝೈಮಿನ ಫಲಿತಾಂಶವನ್ನು ನಂಬುವಂತಿಲ್ಲ. ಬಳಸುವ ಮೊದಲು ಎಂಝೈಮಿನ ದ್ರಾವಣವನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಡಿ: ರೈಬೋನ್ಯೂಕ್ಲಿಯೇಸ್ ಆ ಬಿಸಿ ತಾಳುತ್ತದೆ, ಜೊತೆಗೆ ಸೇರಿಕೊಂಡಿರಬಹುದಾದ, ಡಿಎನ್‌ಎ ಒಡೆಯುವ ಡಿಎನ್‌ಏಸ್ ತಾಳದು.

ಬಣ್ಣಕ್ಕೆ 2% ಪೈರೋನಿನ್ ವೈ 12.5 ಮಿ.ಲೀ., 2% ಮಿಥೈಲ್ ಗ್ರೀನ್ 7.5 ಮಿ.ಲೀ., ಡಿಸ್ಟಿಲ್ಡ್ ವಾಟರ್ 30 ಮಿ.ಲೀ. ಮಾರುಕಟ್ಟೆಯ ಮಿಥೈಲ್ ಗ್ರೀನ್‌ನಲ್ಲಿ ನೇರಳೆ ಬಣ್ಣ ಬೆರೆತಿರುತ್ತದೆ. ಕಲಸುವ ಮೊದಲು ಅದರ ದ್ರಾವಣವನ್ನು ಅಷ್ಟೇ ಕ್ಲೋರೋಫಾರ್ಮಿನೊಂದಿಗೆ ಸೆಪರೇಟಿಂಗ್ ಫನಲ್‌ನಲ್ಲಿ ಕುಲುಕಿ, ಕೆಳಗಿಳಿದ ನೇರಳೆ ಪದರ ತೆಗೆಯಿರಿ. ಕ್ಲೋರೋಫಾರ್ಮ್ ಬಣ್ಣವಿಲ್ಲದೆ ಬರುವವರೆಗೂ ಮತ್ತೆ ಮತ್ತೆ. ಗಾಳಿಯಾಡುವ ಕಡೆ ಮಾಡಿ. ಇದನ್ನು ತಪ್ಪಿಸಿದರೆ ನ್ಯೂಕ್ಲಿಯಸ್ ನೇರಳೆಯಾಗಿ ಎಲ್ಲವೂ ಕಲಸುಮೇಲೋಗರ.

ಮೂರೂ ಸ್ಲೈಡಿಗೆ ಆರು ನಿಮಿಷ ಬಣ್ಣ. ಬ್ಲಾಟ್ ಮಾಡಿ, ಎನ್-ಬ್ಯೂಟನಾಲಿನಲ್ಲಿ ಐದೈದು ನಿಮಿಷ ಎರಡು ಸಲ, ಝೈಲೀನ್ ಐದು ನಿಮಿಷ, ಆಮೇಲೆ ಕವರ್‌ಸ್ಲಿಪ್ ಅಂಟಿಸುವ ಡಿಪಿಎಕ್ಸ್. ಮಾಮೂಲಿ ಆಲ್ಕೋಹಾಲ್ ಪೈರೋನಿನ್ ಅನ್ನು ತೊಳೆದುಬಿಡುತ್ತದೆ.

ಮೊದಲ ಸ್ಲೈಡಿನಲ್ಲಿ ನ್ಯೂಕ್ಲಿಯಸ್ ನೀಲಿಹಸಿರು, ಅದರೊಳಗಿನ ದುಂಡನೆಯ ನ್ಯೂಕ್ಲಿಯೋಲಸ್ ಮತ್ತು ಹೊರಗಿನ ಸೈಟೋಪ್ಲಾಸಂ ಗುಲಾಬಿ. ಎರಡನೆಯದರಲ್ಲಿ ಗುಲಾಬಿ ಹೋಗಿ ಹಸಿರು ನಿಲ್ಲಬೇಕು. ಹೋಗದ ಗುಲಾಬಿಯನ್ನು ಆರ್‌ಎನ್‌ಎ ಎಂದು ಬರೆಯಬಾರದು. ಎಲ್ಲ ಕಡೆ ಗುಲಾಬಿ ಉಳಿದಿದ್ದರೆ ಎಂಝೈಮಿನ ಬಲವನ್ನು ಮೊದಲು ಪರೀಕ್ಷಿಸಿ. ಬೆಳೆಯುವ ತುದಿಯ ಕೋಶಗಳಲ್ಲಿ ಗುಲಾಬಿ ಗಾಢ, ಉದ್ದವಾದ ಕೋಶಗಳಲ್ಲಿ ತೆಳು. ಬ್ರಾಶೆ ಹೀಗೆ ಬಣ್ಣದಿಂದ, ಸ್ಟಾಕ್‌ಹೋಮಿನ ಕಾಸ್ಪರ್ಸನ್ ನೇರಳಾತೀತ ಬೆಳಕಿನಿಂದ, ಇಬ್ಬರೂ ಬೇರೆಬೇರೆಯಾಗಿ ಒಂದೇ ಮಾತಿಗೆ ಬಂದರು: ಪ್ರೋಟೀನ್ ಹೆಚ್ಚು ಕಟ್ಟುವ ಕೋಶದಲ್ಲಿ ಆರ್‌ಎನ್‌ಎ ಹೆಚ್ಚು.

ಜರ್ನಲ್‌ನಲ್ಲಿ "ನ್ಯೂಕ್ಲಿಯೋಲಸ್‌ನಲ್ಲಿ ಪ್ರೋಟೀನ್ ತಯಾರಾಗುತ್ತದೆ" ಎಂದು ಬರೆಯಲೇಬೇಡಿ. ಈ ಬಣ್ಣ ಆರ್‌ಎನ್‌ಎ ಎಲ್ಲಿದೆ ಎಂದಷ್ಟೇ ಹೇಳುತ್ತದೆ. ನ್ಯೂಕ್ಲಿಯೋಲಸ್‌ನಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮಿನ ಭಾಗಗಳು ಸಿದ್ಧವಾಗುತ್ತವೆ, ಪ್ರೋಟೀನ್ ಕಟ್ಟುವ ಕೆಲಸ ಸೈಟೋಪ್ಲಾಸಂನಲ್ಲಿ ನಡೆಯುತ್ತದೆ ಎಂಬುದು ಮುಂದಿನ ದಶಕಗಳ ಬೇರೆ ಪ್ರಯೋಗಗಳಿಂದ ತಿಳಿದದ್ದು. ಬಣ್ಣ ಮಸುಕಾಗುವ ಮೊದಲು ಮೂರೂ ಸ್ಲೈಡುಗಳ ಫೋಟೋವನ್ನು ಒಂದೇ ಬೆಳಕಿನಲ್ಲಿ ತೆಗೆದಿಡಿ.