ಕಾಗದದಲ್ಲಿ 538 ಮೀಟರ್, ಆಕಾಶದಲ್ಲಿ 240

ನನ್ನ ಮೊದಲ ಲೆಕ್ಕದ ಪ್ರಕಾರ ನನ್ನ ಹವ್ಯಾಸದ ಮಾದರಿ ರಾಕೆಟ್ 538 ಮೀಟರ್ ಏರಬೇಕಿತ್ತು. ಉರಿಯುವಾಗಿನ ಸರಾಸರಿ ತೂಕ 80 ಗ್ರಾಂ. ಕಾರ್ಖಾನೆಯಲ್ಲೇ ತಯಾರಾದ ಸಿ ದರ್ಜೆಯ ಮೋಟರ್ (ಮೋಟರನ್ನು ಕೈಯಾರೆ ತಯಾರಿಸುವ ಸಾಹಸ ನನಗೆ ಬೇಡ). ಇಂಪಲ್ಸ್, ಅಂದರೆ ಮೋಟರ್ ಕೊಡುವ ಒಟ್ಟು ನೂಕು, 9 ನ್ಯೂಟನ್-ಸೆಕೆಂಡ್, ಉರಿಯುವುದು 1.85 ಸೆಕೆಂಡ್. 9ನ್ನು 0.08ರಿಂದ ಭಾಗಿಸಿ, ಆ ಹೊತ್ತಿನಲ್ಲಿ ಗುರುತ್ವ ತಿನ್ನುವ 18 ಕಳೆದರೆ ವೇಗ ಸೆಕೆಂಡಿಗೆ 94 ಮೀಟರ್. ಮೋಟರ್ ಆರುವಾಗ ಎತ್ತರ 87, ಆಮೇಲೆ ಬರೀ ಓಘದಲ್ಲಿ 451. ಗಾಳಿಯ ಎಳೆತವನ್ನು ನಾನು ಎಣಿಸಿರಲೇ ಇಲ್ಲ.

ಎತ್ತರ ತಪ್ಪಿದ್ದಕ್ಕಿಂತ ಸಮಯ ತಪ್ಪಿದ್ದು ದುಬಾರಿಯಾಯಿತು. ಮೋಟರ್ ಆರಿದ ಮೇಲೂ 9.6 ಸೆಕೆಂಡ್ ಏರುತ್ತದೆಂದು ನಂಬಿ, ಸಿಕ್ಕಿದ್ದರಲ್ಲಿ ಉದ್ದದ್ದಾದ 7 ಸೆಕೆಂಡಿನ ಡಿಲೇ (ಮೋಟರ್ ಆರಿದ ಮೇಲೆ ಪ್ಯಾರಾಶೂಟ್ ಹೊರಬರುವವರೆಗಿನ ಕಾಯುವಿಕೆ) ಹಾಕಿದ್ದೆ. ಆ 7 ಸೆಕೆಂಡ್ ಮುಗಿಯುವ ಹೊತ್ತಿಗೆ ರಾಕೆಟ್ ಆಗಲೇ ಮೂತಿ ಕೆಳಗೆ ಮಾಡಿ ಬೀಳುತ್ತಿತ್ತು. ಪ್ಯಾರಾಶೂಟ್ ಬಿಚ್ಚಿದ ಜಗ್ಗಿಗೆ ದಾರ ಕೊಳವೆಯ ಬಾಯನ್ನೇ ಸೀಳಿತು.

ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಾಗಾಗಿ ಸ್ಪ್ರೆಡ್‌ಶೀಟಿನಲ್ಲಿ 0.05 ಸೆಕೆಂಡಿಗೊಂದು ಸಾಲು ಹಾಕಿ, ಪ್ರತಿ ಸಾಲಿನಲ್ಲೂ ನೂಕುಬಲದಿಂದ ತೂಕವನ್ನೂ ಎಳೆತವನ್ನೂ ಕಳೆದು ಹೊಸ ವೇಗ ಹುಡುಕಿದೆ. 25 ಮಿಲಿಮೀಟರ್ ವ್ಯಾಸದ ಕೊಳವೆಗೆ ಎಳೆತದ ಗುಣಾಂಕ (ಆಕಾರಕ್ಕೆ ಗಾಳಿ ಎಷ್ಟು ಅಡ್ಡಿ ಮಾಡುತ್ತದೆಂದು ಹೇಳುವ ಸಂಖ್ಯೆ) 0.75 ಎಂದು ಹಿಡಿದಾಗ ಎತ್ತರ ಸುಮಾರು 265 ಮೀಟರ್‌ಗೆ ಇಳಿಯಿತು. ಮೋಟರ್ ಆರಿ ಐದೂವರೆ ಸೆಕೆಂಡಿಗೇ ಹಾರಾಟದ ತುದಿ! ಮುಂದಿನ ಸಲ 5 ಸೆಕೆಂಡಿನ ಡಿಲೇ.

ಅಳೆದದ್ದು ಕೋನಮಾಪಕಕ್ಕೆ ತೂಗುಗುಂಡು ಕಟ್ಟಿ. ಉಡಾವಣೆ ಜಾಗದಿಂದ 150 ಮೀಟರ್ ದೂರ ನಿಂತೆ. ತುದಿಯಲ್ಲಿ 58 ಡಿಗ್ರಿ. ಅದರ ಟ್ಯಾನ್ 1.6, ಎತ್ತರ 240. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಶೇ 4ರಷ್ಟು ವ್ಯತ್ಯಾಸ. ಹತ್ತಿರ ನಿಂತು 80 ಡಿಗ್ರಿಯಲ್ಲಿ ನೋಡಿದ್ದರೆ ಅದೇ ಒಂದು ಡಿಗ್ರಿಗೆ ಶೇ 10. ರಾಕೆಟ್ ಗಾಳಿ ಬರುವ ಕಡೆಗೆ ವಾಲುತ್ತದೆ, ಅದಕ್ಕೇ ಗಾಳಿಯ ದಿಕ್ಕಿಗೆ ಅಡ್ಡಲಾಗಿ ನಿಲ್ಲುತ್ತೇನೆ. ನನ್ನತ್ತ ವಾಲಿದರೆ ಕೋನ ಸುಳ್ಳಾಗಿ ದೊಡ್ಡದಾಗುತ್ತದೆ.

240 ಬರಬೇಕಾದರೆ ಗುಣಾಂಕ 0.9ರ ಆಸುಪಾಸು ಇರಬೇಕು. ರೆಕ್ಕೆಗಳ ಅಂಚನ್ನು ನಾನು ಉಜ್ಜಿ ನಯ ಮಾಡಿರಲಿಲ್ಲ, ಒಪ್ಪಿಕೊಂಡೆ.

ಈಗ ಎರಡು ಲೆಕ್ಕ ಇಡುತ್ತೇನೆ. ಡಿಲೇ ಆರಿಸಲು 0.9. ಹಾರಿಸಲು ಅನುಮತಿಯಿರುವ ಎತ್ತರದೊಳಗೆ ನಿಲ್ಲುತ್ತದೋ ಎಂದು ನೋಡಲು ಮಾತ್ರ 0.6, ಅಂದರೆ 290 ಮೀಟರ್. ಮಿತಿ 250 ಇದ್ದ ದಿನ, ಹೋದ ಸಲ 240 ಅಷ್ಟೇ ಏರಿತ್ತಲ್ಲ ಅಂತ ಸಿ ಮೋಟರ್ ಹಾಕುವುದಿಲ್ಲ, ಒಂದು ದರ್ಜೆ ಕೆಳಗಿನ ಬಿ ಹಾಕುತ್ತೇನೆ.